ನಮ್ಮನೆ ಎಳ್ಳು

ನಾನು ಬೆಳೆದ ಮನೆಯಲ್ಲಿ ಕ್ರಿಸ್ಮಸ್ ರಜೆ ಅಂದರೆ ಕೊಬ್ಬರಿ ಹೆರೆಯುವ ರಜೆ. ಡಿಸೆಂಬರ್ 24ಕ್ಕೆ ಶಾಲೆ ಮುಚ್ಚುತ್ತಿತ್ತು. ಮಾರನೆಯ ಬೆಳಿಗ್ಗೆ ನಾವು ಹಾಲಿನ ಲೋಟ ಕೆಳಗಿಡುವ ಹೊತ್ತಿಗೆ ಅಮ್ಮ ನಡುಮನೆಯಲ್ಲಿ ಹಳೇ ಪೇಪರ್ ಹಾಸಿ, ಅದರ ಮೇಲೆ ಕೊಬ್ಬರಿ ಗಿಟುಕುಗಳನ್ನು ಸುರಿದಿರುತ್ತಿದ್ದಳು. ಮೈಸೂರಿನ ಚಳಿ. ಬಾಗಿಲಿನಿಂದ ಓರೆಯಾಗಿ ಬೀಳುವ ಬಿಸಿಲಿನ ತುಂಡೊಂದೇ ಬೆಚ್ಚಗಿನ ಜಾಗ. ಅದರೊಳಗೆ ಕೂರಲು ನನಗೂ ತಮ್ಮನಿಗೂ ಜಗಳ. ಬಿಸಿಲು ಸರಿದ ಹಾಗೆ ನಾವೂ ಪೇಪರ್ ಸಮೇತ ಸರಿಯುತ್ತಿದ್ದೆವು. ನಡುಮನೆಯಲ್ಲಿ ಶುರುವಾದ ಕೆಲಸ ಊಟದ ಹೊತ್ತಿಗೆ ಜಗಲಿಗೆ ಬಂದಿರುತ್ತಿತ್ತು.

ಅದೇ ವಾರ ಸಂತ ಫಿಲೋಮಿನಾ ಚರ್ಚಿನ ಆಸುಪಾಸಿನ ಬೀದಿಗಳಲ್ಲಿ ಕಾಗದದ ನಕ್ಷತ್ರಗಳು ತೂಗಾಡುತ್ತಿದ್ದವು. ಅಮ್ಮನ ಜೊತೆ ಕೆಲಸ ಮಾಡುತ್ತಿದ್ದ ಟೀಚರೊಬ್ಬರ ಮನೆಯಿಂದ ನಮಗೆ ಪ್ಲಮ್ ಕೇಕು ಬರುತ್ತಿತ್ತು. ಸ್ಟೀಲಿನ ಡಬ್ಬಿಯಲ್ಲಿ ಕಪ್ಪಗೆ, ಭಾರವಾಗಿ, ಸುಟ್ಟ ಸಕ್ಕರೆಯ ಘಮ ಹೊತ್ತು ಬರುತ್ತಿತ್ತು. ಆ ಡಬ್ಬಿ ನಮ್ಮ ಮನೆಯಲ್ಲಿ ಮೂರು ವಾರ ತೊಳೆದು ಮಗುಚಿ ಇಟ್ಟಿರುತ್ತಿತ್ತು. ಖಾಲಿ ಡಬ್ಬಿ ಕೊಡಬಾರದು. ಸಂಕ್ರಾಂತಿಯ ದಿನ ಅದರ ತುಂಬ ಎಳ್ಳು, ಮೇಲೆ ಎರಡು ಸಕ್ಕರೆ ಅಚ್ಚು ಇಟ್ಟು ನಾನೇ ಕೊಟ್ಟು ಬರುತ್ತಿದ್ದೆ.

ಹಬ್ಬ ಜನವರಿ 14ಕ್ಕೋ 15ಕ್ಕೋ. ಮೂರು ವಾರ ಮೊದಲೇ ಕೂರಬೇಕಾದದ್ದು ಒಣಗಿಸುವುದಕ್ಕೋಸ್ಕರ. ಎಳ್ಳು-ಬೆಲ್ಲದಲ್ಲಿ ಒಲೆಯ ಕೆಲಸ ಬಹಳ ಕಡಿಮೆ. ಹೆಚ್ಚಿನದೆಲ್ಲ ಚಾಕು ಮತ್ತು ಬಿಸಿಲಿನದು. ಕೊಬ್ಬರಿಯ ಬೆನ್ನಿನ ಕಂದು ಸಿಪ್ಪೆಯನ್ನು ಪೂರಾ ಹೆರೆದು ತೆಗೆಯಬೇಕು. ಆಮೇಲೆ ಉದ್ದುದ್ದ ಸೀಳಿ, ಆ ಸೀಳುಗಳನ್ನು ಒಟ್ಟಿಗೆ ಹಿಡಿದು ಅಡ್ಡ ಕತ್ತರಿಸಬೇಕು. ಆ ಸಣ್ಣ ಚೂರುಗಳು ನಾಲ್ಕು ದಿನದ ಬಿಸಿಲು ಕಂಡ ಮೇಲೇ ಡಬ್ಬಿ ಸೇರುವುದು. ಒಂದು ಚೂರಿನಲ್ಲಿ ಪಸೆ ಉಳಿದರೂ ಪಕ್ಕದ ಬೆಲ್ಲ ಬೆವರುತ್ತದೆ, ಬೆಲ್ಲ ಬೆವರಿದರೆ ಎಳ್ಳು ಅಂಟುತ್ತದೆ, ಇಡೀ ಡಬ್ಬಿ ಒಂದು ಮುದ್ದೆಯಾಗುತ್ತದೆ.

ಬೆಲ್ಲ ಕತ್ತರಿಸುವುದು ಅಜ್ಜಿಯ ಪಾಲಿಗೆ ಮೀಸಲು. ಅಡಕತ್ತರಿಯಲ್ಲಿ ಅಚ್ಚುಬೆಲ್ಲವನ್ನು ಒತ್ತಿ ಮುರಿದರೆ ಪುಡಿಯಾಗುತ್ತದೆ. ಅಜ್ಜಿ ಅದನ್ನು ಅಂಚಿನಿಂದ ಸವರಿಕೊಂಡು ಬಂದು, ಕಡಲೆಕಾಳಿನ ಗಾತ್ರಕ್ಕೆ ಹೋಳು ಮಾಡುತ್ತಿದ್ದಳು. ಉದುರಿದ ಪುಡಿ ಧನುರ್ಮಾಸದ ಹುಗ್ಗಿಗೆ ಹೋಗುತ್ತಿತ್ತು. ಹೋಳು ಮಾಡಿದ ಬೆಲ್ಲದ ತಟ್ಟೆಯನ್ನು ನೀರು ತುಂಬಿದ ಇನ್ನೊಂದು ದೊಡ್ಡ ತಟ್ಟೆಯಲ್ಲಿಟ್ಟು, ಮೇಲೆ ತೆಳು ಬಟ್ಟೆ ಮುಚ್ಚಿ ಎಳೆಬಿಸಿಲಿಗೆ ಇಡುತ್ತಿದ್ದೆವು. ಇರುವೆಗೆ ಆ ನೀರು ದಾಟಲಾಗದ ಕೆರೆ. ಬೆಲ್ಲದ ಬಣ್ಣದ ವಿಷಯದಲ್ಲಿ ಅಜ್ಜಿ ಯಾರ ಮಾತೂ ಕೇಳುತ್ತಿರಲಿಲ್ಲ. ಹೊಂಬಣ್ಣಕ್ಕೆ ಹೊಳೆಯುವ ಬೆಲ್ಲ ನೋಡಲು ಚೆಂದ, ಎಳ್ಳಿನ ನಡುವೆ ಎದ್ದೂ ಕಾಣುತ್ತದೆ. ಆದರೆ ಆಲೆಮನೆಯಲ್ಲಿ ಬಣ್ಣ ತಿಳಿಯಾಗಲೆಂದು ಹೈಡ್ರೋಸ್ ಎಂಬ ರಾಸಾಯನಿಕ ಹಾಕುವುದುಂಟು, ಮತ್ತು ಹಾಕಿದ್ದು ನಾಲಗೆಗೆ ಗೊತ್ತಾಗುತ್ತದೆ. ಅಜ್ಜಿಗೆ ಬೇಕಾದದ್ದು ಕಂದು ಬೆಲ್ಲ. ಅದು ಬೇಗ ಪಸೆಯಾಗುತ್ತದೆ, ಎರಡು ದಿನ ಜಾಸ್ತಿ ಬಿಸಿಲು ಕೇಳುತ್ತದೆ. ಕೇಳಲಿ ಅನ್ನುತ್ತಿದ್ದಳು.

ಐದೇ ಪದಾರ್ಥ: ಬಿಳಿ ಎಳ್ಳು, ಕೊಬ್ಬರಿ, ಬೆಲ್ಲ, ಕಡಲೆಕಾಯಿ ಬೀಜ, ಹುರಿಗಡಲೆ. ದೊಡ್ಡವಳಾದ ಮೇಲೆ ಒಂದು ದಿನ ಇವನ್ನು ಮುಂದೆ ಹರಡಿಕೊಂಡು ಕೂತಾಗ, ಕರ್ನಾಟಕದ ಅರ್ಧ ಭೂಪಟವೇ ಮಡಿಲಲ್ಲಿದೆ ಅನ್ನಿಸಿತು. ಕೊಬ್ಬರಿ ತಿಪಟೂರಿನದು. ಅಲ್ಲಿ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ನೀರು ಆರಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಒಳಗೆ ಗುಡುಗುಡು ಅನ್ನಬೇಕು. ಅಂದರೆ ನಾವು ಈ ಸಂಕ್ರಾಂತಿಗೆ ಹೆರೆಯುವ ಕೊಬ್ಬರಿ ಹೋದ ಸಂಕ್ರಾಂತಿಯ ಹೊತ್ತಿಗೇ ಮರದಿಂದ ಇಳಿದು ಅಟ್ಟ ಸೇರಿದೆ. ಬೆಲ್ಲ ಮಂಡ್ಯದ್ದು. ಕನ್ನಂಬಾಡಿ ಕಟ್ಟೆಯ ನೀರು ನಾಲೆಯಲ್ಲಿ ಹರಿದು ಬಂದ ಮೇಲೆ ಕಬ್ಬಿನ ಸೀಮೆಯಾದ ಊರದು. ಅಲ್ಲಿನ ಮೈಸೂರು ಸಕ್ಕರೆ ಕಂಪನಿ ಶುರುವಾದದ್ದು 1933ರಲ್ಲಿ. ಕಡಲೆಕಾಯಿ ಚಳ್ಳಕೆರೆ, ಪಾವಗಡದ ಕಡೆಯ ಒಣಭೂಮಿಯದು. ಹುರಿಗಡಲೆಯ ಕಡಲೆ ಉತ್ತರದ ಎರೆಮಣ್ಣಿನಲ್ಲಿ ಹಿಂಗಾರಿಗೆ ಬೆಳೆದದ್ದು. ಎಳ್ಳನ್ನು ನಮ್ಮ ಮೈಸೂರು ಸೀಮೆಯಲ್ಲೇ ಮುಂಗಾರಿಗೆ ಮುಂಚಿನ ಮಳೆಗೆ ಬಿತ್ತುತ್ತಾರೆ. ಒಬ್ಬರ ಹೊಲದಲ್ಲಿ ಐದೂ ಸಿಗುವುದಿಲ್ಲ. ನೀರಾವರಿಯೂ ಬೆದ್ದಲೂ ಕರಿಮಣ್ಣೂ ಕೆಂಪುಮಣ್ಣೂ ಸೇರಿದರೇ ಒಂದು ಹಿಡಿ.

ಆ ಒಂದು ಹಿಡಿಯಲ್ಲಿ ಐದೂ ಬರಬೇಕು ಎಂಬುದೇ ಅಜ್ಜಿಯ ನಿಯಮ. ಕೊಬ್ಬರಿ ಚೂರು ಕಡಲೆಬೀಜದ ಅರ್ಧ ಬೇಳೆಗಿಂತ ದೊಡ್ಡದಾಗಬಾರದು. ದೊಡ್ಡದಾದರೆ ಚೂರುಗಳೆಲ್ಲ ಮೇಲೆ ನಿಂತು ಎಳ್ಳು ತಳಕ್ಕೆ ಇಳಿಯುತ್ತದೆ. ಡಬ್ಬಿ ಸಾಗಿಸುವಾಗ ಕುಲುಕಿದಷ್ಟೂ ಇಳಿಯುತ್ತದೆ. ಮೊದಲು ಬಂದವರಿಗೆ ಬರೀ ಕೊಬ್ಬರಿ, ಕೊನೆಗೆ ಬಂದವರಿಗೆ ಬರೀ ಎಳ್ಳು. ಹಾಗಾಗಬಾರದೆಂದು ಪೊಟ್ಟಣ ಕಟ್ಟುವಾಗ ಪ್ರತಿ ಸಲವೂ ಕೈಯನ್ನು ತಳದವರೆಗೆ ಇಳಿಸಿ ಮೇಲಕ್ಕೆ ಮಗುಚುತ್ತಿದ್ದಳು. ಬೀಜ ಹುರಿದು, ಕೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸುವುದು ನಮ್ಮ ಕೆಲಸ. ಅಂಗಳವೆಲ್ಲ ಕೆಂಪು ಸಿಪ್ಪೆ. ಎಳ್ಳು ಹುರಿದು ಚಟಚಟ ಅಂದ ಕೂಡಲೇ ಇಳಿಸಿ, ಪೂರಾ ತಣ್ಣಗಾದ ಮೇಲೇ ಬೆಲ್ಲದ ಪಕ್ಕಕ್ಕೆ ಬಿಡಬೇಕು.

ಸಕ್ಕರೆ ಅಚ್ಚಿನ ದಿನವೇ ಬೇರೆ. ಆವತ್ತು ಅಮ್ಮ ಅಡುಗೆಮನೆಯಲ್ಲಿ ಮಾತೇ ಆಡುತ್ತಿರಲಿಲ್ಲ.

ಹಿಂದಿನ ರಾತ್ರಿ ಮರದ ಅಚ್ಚುಗಳನ್ನು ಬಕೆಟ್ಟಿನ ನೀರಲ್ಲಿ ನೆನೆಹಾಕುವುದು. ಮರ ತೇಲುತ್ತದಲ್ಲ, ಮೇಲೊಂದು ತಟ್ಟೆ, ತಟ್ಟೆಯ ಮೇಲೆ ರುಬ್ಬುಗುಂಡು. ಒಣ ಮರ ಪಾಕವನ್ನು ಹೀರಿ ಕಚ್ಚಿಕೊಂಡುಬಿಡುತ್ತದೆ. ರಾತ್ರಿಯಿಡೀ ನೀರು ಕುಡಿದ ಮರದಲ್ಲಿ ಪಾಕಕ್ಕೆ ಜಾಗವಿಲ್ಲ. ಬೆಳಿಗ್ಗೆ ಒರೆಸಿ, ಜೋಡಿಗೆ ಜೋಡಿ ಹೊಂದಿಸಿ, ಸೈಕಲ್ ಟ್ಯೂಬ್ ಕತ್ತರಿಸಿ ಮಾಡಿದ ರಬ್ಬರ್ ಉಂಗುರ ಹಾಕಿ ಬಿಗಿದು, ಒದ್ದೆ ಬಟ್ಟೆಯ ಮೇಲೆ ತಲೆಕೆಳಗಾಗಿ ನಿಲ್ಲಿಸುವುದು. ಆನೆ, ಗಿಳಿ, ಮೀನು, ಬೃಂದಾವನ, ಗೋಪುರ, ತೇರು, ಬಾಳೆಗೊನೆ. ಸಾಲಾಗಿ ನಿಂತ ಮರದ ತುಂಡುಗಳಲ್ಲಿ ಯಾವುದರ ಹೊಟ್ಟೆಯಲ್ಲಿ ಏನಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ನಮಗೆ ಮಾತ್ರ ಗೊತ್ತಿರುತ್ತಿತ್ತು.

ಸಕ್ಕರೆಗೆ ಅದು ಮುಳುಗುವಷ್ಟೇ ನೀರು. ಕುದಿ ಬಂದಾಗ ಎರಡು ಚಮಚ ಹಾಲು. ಹಾಲು ಒಡೆದು ಕೊಳೆಯನ್ನೆಲ್ಲ ಹಿಡಿದುಕೊಂಡು ಬೂದು ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು, ಪಾಕವನ್ನು ತೆಳು ಬಟ್ಟೆಯಲ್ಲಿ ಸೋಸುತ್ತಾರೆ. ಈಗಿನ ಸಕ್ಕರೆಯಲ್ಲಿ ಅಷ್ಟು ಕೊಳೆ ಇರುವುದಿಲ್ಲ. ಆದರೂ ನಾನು ಹಾಲು ಬಿಡುತ್ತೇನೆ, ಆ ಸೋಸಿದ ಪಾಕದ ತಿಳಿ ನೋಡುವುದಕ್ಕಾದರೂ. ಆಮೇಲೆ ಇಡೀ ಪಾಕವನ್ನು ಒಟ್ಟಿಗೆ ಕಾಯಿಸುವ ಹಾಗಿಲ್ಲ. ಹಿಡಿಯಿರುವ ಸಣ್ಣ ಪಾತ್ರೆಗೆ ಎರಡು ಮೂರು ಅಚ್ಚಿಗಾಗುವಷ್ಟು ಮಾತ್ರ ತೆಗೆದುಕೊಳ್ಳುವುದು. ಮೊದಲು ದೊಡ್ಡ ಗುಳ್ಳೆ, ಅವಸರದ ಗುಳ್ಳೆ. ನೀರು ಕಡಿಮೆಯಾದ ಹಾಗೆ ಗುಳ್ಳೆ ಸಣ್ಣದಾಗಿ, ಮಂದವಾಗಿ, ಒಂದನ್ನೊಂದು ತಳ್ಳಿಕೊಂಡು ಏಳುತ್ತವೆ. ಆಗ ಇಳಿಸಿ, ಸೌಟಿನ ಬೆನ್ನಿನಿಂದ ಪಾಕವನ್ನು ಪಾತ್ರೆಯ ಬದಿಗೆ ಉಜ್ಜಬೇಕು. ಹತ್ತು ಸಲ, ಹದಿನೈದು ಸಲ. ಕನ್ನಡಿಯ ಹಾಗಿದ್ದ ಪಾಕದಲ್ಲಿ ಒಂದು ಮೂಲೆಯಿಂದ ಮಂಜು ಶುರುವಾಗುತ್ತದೆ. ಮಂಜು ಹರಡುವ ಆ ಕ್ಷಣದಲ್ಲಿ ಸುರಿಯಬೇಕು. ಮುಂಚೆ ಸುರಿದರೆ ಅಚ್ಚಿನೊಳಗೆ ಜಿಗುಟಾಗಿ ಉಳಿಯುತ್ತದೆ. ಒಂದು ಉಸಿರು ತಡವಾದರೆ ಪಾತ್ರೆಯಲ್ಲೇ ಕಲ್ಲು. ಅಮ್ಮ ಮಾತಾಡದೆ ಇರುತ್ತಿದ್ದದ್ದು ಆ ಮಂಜಿಗಾಗಿ.

ಇದರ ಹಿಂದಿನ ಲೆಕ್ಕ ನನಗೆ ಕಾಲೇಜಿನಲ್ಲಿ ಗೊತ್ತಾಯಿತು. ಮಾಮೂಲಿ ಹವೆಯಲ್ಲಿ ಒಂದು ಲೀಟರ್ ನೀರು ಸುಮಾರು 2 ಕಿಲೋ ಸಕ್ಕರೆ ಕರಗಿಸಿಕೊಳ್ಳುತ್ತದೆ. ಕುದಿಯುವಾಗ ಅದರ ಎರಡು ಪಟ್ಟಿಗೂ ಹೆಚ್ಚು. ಕಾದ ಪಾಕ ಆರುವಾಗ ಅದರೊಳಗೆ ಹಿಡಿಸಲಾರದಷ್ಟು ಸಕ್ಕರೆ ತುಂಬಿಕೊಂಡಿರುತ್ತದೆ. ಹರಳಾಗಲು ಅದಕ್ಕೊಂದು ನೆಪ ಬೇಕು, ಸೌಟಿನ ಉಜ್ಜಾಟವೇ ಆ ನೆಪ. ಒಂದು ಹರಳು ಹುಟ್ಟಿದರೆ ಅದರ ಬೆನ್ನಿಗೆ ಲಕ್ಷಾಂತರ. ಜಾಮೂನಿನ ಪಾಕಕ್ಕೆ ನಿಂಬೆ ಹಿಂಡುವುದು ಹರಳುಗಟ್ಟದಿರಲಿ ಎಂದು. ಇಲ್ಲಿ ಬೇಕಾದದ್ದೇ ಹರಳು, ಹಾಗಾಗಿ ನಮ್ಮ ಮನೆಯಲ್ಲಿ ಆ ದಿನ ನಿಂಬೆಹಣ್ಣು ಒಲೆಯ ಹತ್ತಿರ ಸುಳಿಯುತ್ತಿರಲಿಲ್ಲ. ಅಮ್ಮನಿಗೆ ಈ ರಸಾಯನಶಾಸ್ತ್ರ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ ನಾನು ಪುಸ್ತಕದಲ್ಲಿ ಓದಿದ್ದರಲ್ಲಿ ಅವಳ ಕೈಗೆ ತಿಳಿಯದ್ದು ಒಂದೂ ಇರಲಿಲ್ಲ.

ಸಕ್ಕರೆಯನ್ನು ಅಚ್ಚಿಗೆ ಹೊಯ್ದು ಹಬ್ಬ ಮಾಡುವವರು ನಾವೊಬ್ಬರೇ ಅಲ್ಲ. ಉತ್ತರ ಭಾರತದಲ್ಲಿ ದೀಪಾವಳಿಗೆ ಸಕ್ಕರೆಯ ಆನೆ ಕುದುರೆ ಮಾಡುತ್ತಾರೆ. ಮೆಕ್ಸಿಕೋದವರು ನವೆಂಬರ್ ಮೊದಲಲ್ಲಿ ತೀರಿಕೊಂಡವರನ್ನು ನೆನೆಯುವ ಹಬ್ಬಕ್ಕೆ ಸಕ್ಕರೆಯ ತಲೆಬುರುಡೆ ಮಾಡಿ ಬಣ್ಣದ ಹೂವು ಬಿಡಿಸುತ್ತಾರೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಜರ್ಮನ್ ಮೂಲದವರ ಮನೆಗಳಲ್ಲಿ ಕ್ರಿಸ್ಮಸ್ಸಿಗೆ ಲೋಹದ ಅಚ್ಚಿನಲ್ಲಿ ಜಿಂಕೆ, ಕುದುರೆ ಹೊಯ್ಯುತ್ತಾರೆ; ಅವು ಬಣ್ಣದ ಗಾಜಿನ ಹಾಗೆ ಪಾರದರ್ಶಕ. ಪಾಕವನ್ನು ಇನ್ನೂ ಮುಂದಕ್ಕೆ ಕಾಯಿಸಿ, ಹರಳು ಹುಟ್ಟಲು ಬಿಡದೆ ಹೊಯ್ದರೆ ಗಾಜು. ಹರಳು ಹುಟ್ಟಿಸಿ ಹೊಯ್ದರೆ ನಮ್ಮ ಬಿಳಿ ಆನೆ. ಸಕ್ಕರೆ ಒಂದೇ, ನಿಲ್ಲಿಸುವ ಗಳಿಗೆ ಬೇರೆ.

ಹತ್ತು ನಿಮಿಷ ಕಳೆದ ಮೇಲೆ ಅಚ್ಚು ಬಿಚ್ಚುವುದು. ಉಂಗುರ ತೆಗೆದು, ಮರದ ಬೆನ್ನಿಗೆ ಮೆಲ್ಲಗೆ ಒಂದು ಪೆಟ್ಟು. ಒಂದು ಬದಿ ಕಳಚಿಕೊಂಡಾಗ ಇನ್ನೊಂದು ಬದಿಯಲ್ಲಿ ಮಲಗಿದ ಗಿಳಿಯ ಬೆನ್ನು ಕಾಣುತ್ತದೆ, ಒಳಗೆ ಇನ್ನೂ ಬಿಸಿ. ಎರಡು ಮರ ಕೂಡಿದ ಕಡೆ ಸುತ್ತಲೂ ಒಂದು ತೆಳು ಅಂಚು ಉಳಿದಿರುತ್ತದೆ. ಅದನ್ನು ಚಾಕುವಿನಿಂದ ಹೆರೆಯಬೇಕು. ಆ ಹೆರೆದ ಪುಡಿಗೆ ನಾವು ಕೈ ಒಡ್ಡಿಕೊಂಡು ನಿಂತಿರುತ್ತಿದ್ದೆವು.

ನಮ್ಮ ಆನೆಯ ಅಂಚು ಮಾತ್ರ ಎಷ್ಟು ಹೆರೆದರೂ ಹೋಗುತ್ತಿರಲಿಲ್ಲ, ಯಾಕೆಂದರೆ ಅದರ ಎಡಗಡೆ ನಮ್ಮದಲ್ಲ. ಅಚ್ಚುಗಳು ಬೀದಿಯಲ್ಲಿ ಮನೆಯಿಂದ ಮನೆಗೆ ಓಡಾಡುತ್ತಿದ್ದವು. ಅಜ್ಜಿ ನಮ್ಮವುಗಳ ಬೆನ್ನಿಗೆ ಕಾದ ಕಬ್ಬಿಣದಿಂದ 'ಸೀ' ಎಂದು ಬರೆ ಹಾಕಿಸಿದ್ದಳು. ಎದುರುಮನೆಯವರದಕ್ಕೆ ಎರಡು ಗೀಟು. ಯಾವುದೋ ಒಂದು ವರ್ಷ ತೊಳೆದು ಹಂಚಿಕೊಳ್ಳುವಾಗ ಎರಡು ಆನೆಗಳ ಎಡಬದಿಗಳು ಅದಲುಬದಲಾದವು. ಮುಂದಿನ ಸಂಕ್ರಾಂತಿಗೆ ಗೊತ್ತಾಗುವ ಹೊತ್ತಿಗೆ ಅವರು ವರ್ಗವಾಗಿ ಊರು ಬಿಟ್ಟಿದ್ದರು. ಅಳತೆ ಹತ್ತಿರ ಹತ್ತಿರ ಒಂದೇ, ಪೂರ್ತಿ ಒಂದಲ್ಲ. ಹೊಂದಿಸಿ ಹೊಯ್ದರೆ ಸೊಂಡಿಲು ತುದಿಯಲ್ಲಿ ಸೊಟ್ಟಗಾಗುತ್ತದೆ. ಬೇರೆ ಆನೆ ಕೊಳ್ಳೋಣ ಎಂದು ಅಪ್ಪ ದೇವರಾಜ ಮಾರುಕಟ್ಟೆಯವರೆಗೂ ಹೋಗಿದ್ದುಂಟು, ಅಜ್ಜಿ ಒಪ್ಪಲಿಲ್ಲ. ಅವರ ಮನೆಯಲ್ಲೂ ಒಂದು ಸೊಟ್ಟ ಸೊಂಡಿಲಿನ ಆನೆ ಆಗುತ್ತಿರಬೇಕಲ್ಲ ಎಂದಳು. ಆ ಮೇಲೆ ನಮ್ಮ ಬೀದಿಯಲ್ಲಿ ಯಾರ ತಟ್ಟೆಯಲ್ಲಿ ಸೊಟ್ಟ ಸೊಂಡಿಲು ಕಂಡರೂ ಅದು ನಮ್ಮ ಮನೆಯಿಂದ ಬಂದದ್ದೆಂದು ಮಕ್ಕಳಿಗೂ ತಿಳಿಯುತ್ತಿತ್ತು.

ಇಷ್ಟೆಲ್ಲ ಮಾಡಿ, ನಮ್ಮನೆ ಎಳ್ಳನ್ನು ನಾವು ತಿನ್ನುತ್ತಿರಲಿಲ್ಲ. ಇದನ್ನು ಬೇರೆ ಊಟದ ಸಂಸ್ಕೃತಿಯವರಿಗೆ ವಿವರಿಸುವುದು ನನಗೆ ಯಾವಾಗಲೂ ಕಷ್ಟವಾಗಿದೆ. ಹಬ್ಬದ ಬೇರೆ ಅಡುಗೆಗಳೆಲ್ಲ ಮನೆಯವರ ಬಾಯಿಗೆ: ಸಿಹಿ ಹುಗ್ಗಿ, ಖಾರದ ಹುಗ್ಗಿ, ಬೇಯಿಸಿದ ಗೆಣಸು, ಕಡಲೆಕಾಯಿ, ಸೊಗಡು ಬಿಟ್ಟ ಅವರೆಕಾಯಿ. ಎಳ್ಳು ಮಾತ್ರ ಬೀರುವುದಕ್ಕೆ. ದೇವರ ಮುಂದೆ ಒಂದು ಬಟ್ಟಲು ಇಟ್ಟು, ಉಳಿದದ್ದನ್ನೆಲ್ಲ ಪೊಟ್ಟಣ ಕಟ್ಟಿ, ಸಂಜೆ ನಾಲ್ಕಕ್ಕೆ ರೇಷ್ಮೆ ಲಂಗ ಉಟ್ಟು ತಟ್ಟೆ ಹಿಡಿದು ಹೊರಟರೆ ದೀಪ ಹಚ್ಚುವ ಹೊತ್ತಿಗೆ ಹಿಂದಿರುಗುವುದು. ಕೊಟ್ಟ ಕಡೆಯೆಲ್ಲ ಅವರ ಮನೆಯ ಎಳ್ಳು ತಟ್ಟೆಗೆ ಬೀಳುತ್ತಿತ್ತು, ಜೊತೆಗೆ ಕಬ್ಬಿನ ತುಂಡು, ಬಾಳೆಹಣ್ಣು, ಎಲಚಿಹಣ್ಣು. 'ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ.' ರಾತ್ರಿ ನಡುಮನೆಯಲ್ಲಿ ಅದನ್ನೆಲ್ಲ ಸುರಿದುಕೊಂಡು ಕೂತರೆ ಅಮ್ಮ ಒಂದೊಂದೇ ಪೊಟ್ಟಣ ಬಾಯಿಗೆ ಹಾಕಿಕೊಂಡು ಹೇಳುತ್ತಿದ್ದಳು. ಇದು ಮೂಲೆಮನೆಯದು, ಎಳ್ಳು ಒಂದು ಸುತ್ತು ಹೆಚ್ಚು ಹುರಿದಿದ್ದಾರೆ. ಇದು ಡಾಕ್ಟರ ಮನೆಯದು, ಏಲಕ್ಕಿ ಹಾಕುವವರು ಅವರೊಬ್ಬರೇ. ಇದು ಹಿಂದಿನ ಬೀದಿಯ ಅಜ್ಜಿಯದು, ಕೊಬ್ಬರಿ ನೋಡು, ಕಾಗದದ ಹಾಗಿದೆ, ಎಂಬತ್ತು ವರ್ಷದ ಕಣ್ಣಲ್ಲಿ. ಆ ರಾತ್ರಿ ಅದೇ ಹೊತ್ತಿಗೆ ಬೀದಿಯ ಇಪ್ಪತ್ತು ಮನೆಗಳಲ್ಲಿ ಯಾರೋ ನಮ್ಮ ಎಳ್ಳನ್ನು ಹೀಗೇ ಬಾಯಿಗೆ ಹಾಕಿಕೊಂಡಿರುತ್ತಾರೆ ಎಂಬ ಅರಿವೇ ಮೂರು ವಾರ ನಮ್ಮ ಚಾಕುವನ್ನು ನೇರವಾಗಿ ಇಟ್ಟಿರುತ್ತಿತ್ತು.

ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ನನಗೆ ಇನ್ನೊಂದು ಸಂಕ್ರಾಂತಿ ಸಿಕ್ಕಿತು. ಅತ್ತೆಯವರದು ಬಾಗಲಕೋಟೆ ಕಡೆ. ಅವರಲ್ಲಿ ಹಬ್ಬದ ಹಿಂದಿನ ದಿನ ಭೋಗಿ: ಎಳ್ಳು ಮೆತ್ತಿದ ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹೋಳಿಗಿ, ಗುರೆಳ್ಳು ಚಟ್ನಿ. ಸಜ್ಜಿ ರೊಟ್ಟಿ ತಟ್ಟಿ, ಒದ್ದೆ ಕೈಯಿಂದ ಸವರಿ, ಮೇಲೆ ಎಳ್ಳು ಚೆಲ್ಲಿ ಹಂಚಿಗೆ ಹಾಕಿದಾಗ ಏಳುವ ಘಮ ಇದೆಯಲ್ಲ, ಚಳಿಗಾಲಕ್ಕೆ ಅದಕ್ಕಿಂತ ಸರಿಯಾದ ಘಮ ಇನ್ನೊಂದನ್ನು ನಾನು ಕಂಡಿಲ್ಲ. ಅವರು ಚಿಕ್ಕವರಿದ್ದಾಗ ಸಂಕ್ರಾಂತಿಗೆ ಬುತ್ತಿ ಕಟ್ಟಿಕೊಂಡು ಕೂಡಲಸಂಗಮಕ್ಕೆ ಹೋಗಿ, ಕೃಷ್ಣೆ ಮಲಪ್ರಭೆ ಕೂಡುವಲ್ಲಿ ಮಿಂದು, ದಂಡೆಯ ಮೇಲೆ ಕೂತು ಉಣ್ಣುತ್ತಿದ್ದರಂತೆ.

ಆದರೆ ಅತ್ತೆಯವರಿಂದ ನಾನು ಕಲಿತ ದೊಡ್ಡ ವಿದ್ಯೆ ಕುಸುರೆಳ್ಳು. ನಾವು ಸಕ್ಕರೆಯನ್ನು ಅಚ್ಚಿಗೆ ಹೊಯ್ದರೆ ಅವರು ಅದನ್ನು ಒಂದೊಂದು ಎಳ್ಳಿಗೆ ಉಡಿಸುತ್ತಾರೆ. ಹಿತ್ತಾಳೆಯ ಪರಾತದಲ್ಲಿ ಎರಡು ಹಿಡಿ ಎಳ್ಳು, ಕೆಳಗೆ ಬರೀ ಕೆಂಡದಷ್ಟು ಸಣ್ಣ ಉರಿ, ಪಕ್ಕದಲ್ಲಿ ಪಾಕದ ಬಟ್ಟಲು. ಅರ್ಧ ಚಮಚ ಪಾಕ ಬಿಟ್ಟು ಬೆರಳ ತುದಿಯಿಂದ ಉರುಳಿಸುವುದು. ಒಣಗಿದ ಮೇಲೆ ಮತ್ತರ್ಧ ಚಮಚ. ಎರಡು ಮೂರು ಮುಂಜಾವು ಹೀಗೆ ಕೂತರೆ ಎಳ್ಳಿನ ಮೈಮೇಲೆ ಬಿಳಿ ಮುಳ್ಳುಗಳು ಏಳುತ್ತವೆ. ಮೊದಲ ವರ್ಷ ನಾನು ಬೇಗ ಮುಗಿಯಲಿ ಎಂದು ಒಂದೇ ಸಲ ಎರಡು ಚಮಚ ಬಿಟ್ಟೆ. ಎಲ್ಲ ಕೂಡಿ ಗಂಟಾಯಿತು. ಅತ್ತೆಯವರು ಬೈಯಲಿಲ್ಲ. "ಅವಸರ ಮಾಡಬ್ಯಾಡವಾ, ಇದಕ್ಕ ಥಂಡಿ ಗಾಳಿ ಬೇಕು. ಬೆಳಕು ಹರಿಯೂದ್ರಾಗ ಕುಂದ್ರಬೇಕು" ಅಂದರು. ನಿಜವಾಗಿಯೂ ಆ ಮುಳ್ಳು ಚಳಿ ಇದ್ದಾಗಲೇ ಏಳುವುದು. ಬಿಸಿಲೇರಿದ ಮೇಲೆ ಎಷ್ಟು ಉರುಳಿಸಿದರೂ ಬರೀ ಗುಂಡಗಾಗುತ್ತದೆ. ಕುಸುರಿ ಕೆಲಸ ಎಂಬ ಮಾತನ್ನು ಅಷ್ಟು ವರ್ಷ ಆಡಿದ್ದೆ. ಬಾಲ್ಕನಿಯಲ್ಲಿ ಶಾಲು ಹೊದ್ದು, ಬೆರಳ ತುದಿ ಸುಡುತ್ತ ಬೆನ್ನು ನಡುಗುತ್ತ ಕೂತ ಆ ಬೆಳಿಗ್ಗೆ ಅದರ ತೂಕ ತಿಳಿಯಿತು.

ಅದೇ ಮೊದಲ ವರ್ಷ ಸಕ್ಕರೆ ಅಚ್ಚೂ ಕೈಕೊಟ್ಟಿತು. ಮೂರು ಸಲ ಪಾಕ ಪಾತ್ರೆಯಲ್ಲೇ ಕಲ್ಲಾಯಿತು. ಅಳು ತಡೆದುಕೊಂಡು ಅಮ್ಮನಿಗೆ ಫೋನ್ ಮಾಡಿದರೆ, "ನೀರು ಹಾಕು, ಮತ್ತೆ ಕಾಯಿಸು. ಸಕ್ಕರೆ ಎಲ್ಲಿಗೆ ಹೋಗತ್ತೆ?" ಅಂದಳು. ನಾಲ್ಕನೆಯ ಸಲ ಮಂಜು ಕಂಡಿತು. ಬಣ್ಣ ಸ್ವಲ್ಪ ಕಂದಿತ್ತು, ಮತ್ತೆ ಮತ್ತೆ ಕಾದ ಸಕ್ಕರೆ ಹಾಗೇ. ಕೆನೆ ಬಣ್ಣದ ಒಂದು ಗಿಳಿ ಆಯಿತು. ಅದನ್ನು ಯಾರಿಗೂ ಬೀರದೆ ದೇವರ ಗೂಡಿನಲ್ಲಿಟ್ಟೆ.

ಈ ಸಲದ ಡಿಸೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಬೆಂಗಳೂರಿನ ಮೇಲೆ ಐದು ದಿನ ಮೋಡ. ಹೆಚ್ಚಿಟ್ಟ ಕೊಬ್ಬರಿ ಒಣಗುವ ಲಕ್ಷಣವೇ ಇರಲಿಲ್ಲ, ಮೂರನೆಯ ದಿನ ಒಂದು ಥರ ಮುಗ್ಗಲು ವಾಸನೆ ಶುರುವಾಯಿತು. ಮಗಳಿಗೆ ಹನ್ನೆರಡು, ಅವಳ ಕ್ರಿಸ್ಮಸ್ ರಜೆ ಓವನ್ನಿನ ಮುಂದೆಯೇ ಕಳೆಯುತ್ತದೆ. ಒಣದ್ರಾಕ್ಷಿಯನ್ನು ಕಿತ್ತಳೆ ರಸದಲ್ಲಿ ನೆನೆಸಿ, ಸಕ್ಕರೆಯನ್ನು ಕಪ್ಪಗೆ ಕರಗಿಸಿ ಒಂದು ಕೇಕು ಮಾಡಿದ್ದಳು. ಪ್ಲಮ್ ಕೇಕಿನಲ್ಲಿ ಪ್ಲಮ್ ಯಾಕಿಲ್ಲ ಎಂದು ಕೇಳಿದಾಗ, ಹಳೆಯ ಇಂಗ್ಲಿಷಿನಲ್ಲಿ ಒಣದ್ರಾಕ್ಷಿಗೂ ಅದೇ ಹೆಸರಿತ್ತೆಂದು ಅವಳೇ ನನಗೆ ತಿಳಿಸಿದಳು. ಕೊಬ್ಬರಿಯ ತಟ್ಟೆ ನೋಡಿ, ಓವನ್ನಿನಲ್ಲಿ ಇಡೋಣ ಅಂದಳು. ನನಗೆ ಮನಸ್ಸಿಲ್ಲ. ಬಿಸಿಲಿನ ಕೆಲಸ ಯಂತ್ರಕ್ಕೆ ಕೊಡುವುದೇ ಎಂದು ಒಂದು ಗಳಿಗೆ ಅನ್ನಿಸಿತು. ಕೇಕು ತೆಗೆದ ಮೇಲೆ ಆರುತ್ತಿದ್ದ ಓವನ್ನನ್ನು 60 ಡಿಗ್ರಿಗೆ ಇಳಿಸಿ, ಬಾಗಿಲಿಗೆ ಮರದ ಚಮಚ ಕೊಟ್ಟು ಸಂದು ಬಿಟ್ಟು, ಎರಡು ಗಂಟೆ ಇಟ್ಟಳು. ಬಿಸಿಲಿಗೆ ಒಣಗಿದ ಹಾಗೆಯೇ ಬಿಳಿಯಾಗಿ, ಗರಿಯಾಗಿ ಬಂತು. ಜೊತೆಗೆ ಸುಟ್ಟ ಸಕ್ಕರೆಯ, ಲವಂಗದ ಒಂದು ಎಳೆ ಪರಿಮಳ. ಬಾಯಿಗೆ ಹಾಕಿಕೊಂಡ ಕೂಡಲೇ ನನಗೆ ಆ ಸ್ಟೀಲಿನ ಡಬ್ಬಿ ನೆನಪಾಯಿತು.

ಗಾಂಧಿಬಜಾರಿನಲ್ಲಿ, ಮಲ್ಲೇಶ್ವರದ 8ನೇ ಕ್ರಾಸಿನಲ್ಲಿ ಈಗ ಹಬ್ಬ ಹತ್ತಿರವಾದ ಹಾಗೆ ಎಲ್ಲ ಸಿದ್ಧವಾಗಿ ಸಿಗುತ್ತದೆ. ಹೆಚ್ಚಿದ ಕೊಬ್ಬರಿ, ಹೋಳು ಮಾಡಿದ ಬೆಲ್ಲ, ಬೆರೆಸಿದ ಎಳ್ಳಿನ ಪೊಟ್ಟಣ, ಹಸಿರು ಗುಲಾಬಿ ಬಣ್ಣದ ಅಚ್ಚು. ಮನೆಯಲ್ಲಿ ಕೂತು ಇದನ್ನು ಮಾಡಿ ಮಾರುವ ಹೆಂಗಸರನ್ನು ನಾನು ಬಲ್ಲೆ. ಅವರ ಕೈಯ ಎಳ್ಳು ಎಳ್ಳೇ, ಅದಕ್ಕೊಂದು ಮನೆ ಇದೆ. ನನಗೆ ಸಂಕಟವಾಗುವುದು ಯಂತ್ರ ಬೆರೆಸಿದ ಪೊಟ್ಟಣ ಕಂಡಾಗ. ಒಂದು ವರ್ಷ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂಬತ್ತು ಮನೆಯಿಂದ ಒಂಬತ್ತು ಪೊಟ್ಟಣ ಬಂತು, ಒಂಬತ್ತೂ ಒಂದೇ ಕಂಪನಿಯವು. ಕೊಟ್ಟವರೂ ಅದನ್ನೇ ಪಡೆದಿದ್ದರು. ಯಾರದನ್ನು ಯಾರು ತಿಂದರೂ ಯಾವ ಮನೆಯೂ ಬಾಯಿಗೆ ಬರಲಿಲ್ಲ. ಎಲ್ಲರೂ ದುಡಿಯುವವರು, ಸಮಯವಿಲ್ಲ, ನನಗೂ ಇಲ್ಲ. ಆದ್ದರಿಂದ ಸಿಕ್ಕವರಿಗೆಲ್ಲ ಒಂದೇ ಮಾತು ಹೇಳುತ್ತೇನೆ: ನಾಲ್ಕನ್ನು ಕೊಂಡುಕೊಳ್ಳಿ, ಒಂದನ್ನು ಮಾತ್ರ ಮನೆಯಲ್ಲಿ ಮಾಡಿ. ಬರೀ ಕೊಬ್ಬರಿ ಹೆಚ್ಚಿ. ದಪ್ಪವಾದರೂ ಆಗಲಿ, ಸೊಟ್ಟವಾದರೂ ಆಗಲಿ. ಮೂರನೇ ಮಹಡಿಯ ದಂಪತಿ ಹೋದ ವರ್ಷ ಹಾಗೆ ಮಾಡಿದರು. ಚೂರುಗಳು ಹುಣಿಸೆಬೀಜದಷ್ಟು ದಪ್ಪ. ಅಗಿಯುತ್ತ ಅಗಿಯುತ್ತ ನಾನೂ ಮಗಳೂ ಅವರ ಅಡುಗೆಮನೆಯನ್ನು ಊಹಿಸಿಕೊಂಡೆವು, ಇಬ್ಬರೂ ರಾತ್ರಿ ಹತ್ತಕ್ಕೆ ಕೆಲಸ ಮುಗಿಸಿ ಬಂದು ಒಂದೇ ಚಾಕು ಹಿಡಿದು ನಿಂತದ್ದನ್ನು.

ಅಮ್ಮನಿಗೆ ಈಗ ಬೆರಳಿನ ಗಂಟುಗಳಲ್ಲಿ ನೋವು. ಅಡಕತ್ತರಿ ಹಿಡಿಯಬೇಡ ಎಂದು ತಮ್ಮ ಹೇಳುತ್ತಾನೆ, ಅವಳು ಕೇಳುವುದಿಲ್ಲ. ಈ ಸಲ ಹಬ್ಬ ಕಳೆದು ಮೂರನೆಯ ದಿನ ಮೈಸೂರಿನಿಂದ ಬಂದ ಪರಿಚಯದವರೊಬ್ಬರ ಕೈಯಲ್ಲಿ ಡಬ್ಬಿ ಕಳಿಸಿದ್ದಳು. ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ. ಬಿಚ್ಚಿದರೆ ಮೇಲೆಯೇ ಸೊಟ್ಟ ಸೊಂಡಿಲಿನ ಆನೆ, ದಾರಿಯಲ್ಲಿ ಒಂದು ಕಿವಿ ಮುರಿದಿತ್ತು. ಕೆಳಗೆ ಎಳ್ಳು. ಕೈಯನ್ನು ತಳದವರೆಗೆ ಇಳಿಸಿ ಮಗುಚಿದೆ. ಕೊಬ್ಬರಿ ಚೂರುಗಳು ಮೊದಲಿನ ಹಾಗಿಲ್ಲ. ಕೆಲವು ದಪ್ಪ, ಕೆಲವು ಓರೆ, ಒಂದೆರಡರ ಬೆನ್ನಿನಲ್ಲಿ ಕಂದು ಸಿಪ್ಪೆ ಉಳಿದಿದೆ. ಬೆಲ್ಲ ಕಂದು. ಎಳ್ಳಿನ ಹದ ಅದೇ.

ಫೋನ್ ಮಾಡಿದೆ. "ಯಾರ್ಯಾರ ಮನೆಯಿಂದ ಬಂತು?" ಎಂದು ಕೇಳಿದಳು, ಪ್ರತಿ ವರ್ಷದ ಹಾಗೆ. ಹೇಳಿದೆ. ಮೂರನೇ ಮಹಡಿಯವರ ಕೊಬ್ಬರಿ ಈ ಸಲ ಸಣ್ಣಗಿತ್ತೆಂದೂ ಹೇಳಿದೆ. "ನಿನ್ನದೂ ಬಂತಮ್ಮ" ಅಂದೆ.

"ಹೇಗಿದೆ?"

ನಲವತ್ತು ದಾಟಿದ ಮೇಲೆ ಈಗ ಗೊತ್ತಿದೆ ನನಗೆ. ಆ ಮನೆಯಲ್ಲಿದ್ದಷ್ಟು ವರ್ಷವೂ ಅದನ್ನು ಹೆಚ್ಚಿದೆ, ಹುರಿದೆ, ಪೊಟ್ಟಣ ಕಟ್ಟಿದೆ, ಊರಿಗೆಲ್ಲ ಹಂಚಿದೆ. ಕದ್ದು ಬಾಯಿಗೆ ಹಾಕಿಕೊಂಡ ಚೂರುಗಳನ್ನು ಬಿಟ್ಟರೆ ಒಂದು ಹಿಡಿ ತುಂಬ ತಿಂದಿರಲಿಲ್ಲ. ಈಗ ಅಮ್ಮನ ಮನೆ ಬೇರೆ ಮನೆ, ಆದ್ದರಿಂದ ಅಲ್ಲಿನ ಎಳ್ಳು ನನಗೂ ಬರುತ್ತದೆ.

ಬಾಯಿ ತುಂಬಿತ್ತು. ಉತ್ತರ ಹೇಳಲು ಅಮ್ಮನನ್ನು ಸ್ವಲ್ಪ ಹೊತ್ತು ಕಾಯಿಸಿದೆ.